ಸರ್ವೆ ಪಟ್ಟಿಯಿಂದ ಬಿಟ್ಟುಹೋದವರು: ಅಂತರರಾಷ್ಟ್ರೀಯ ಸಾಲದ ಯೋಜನೆಗಳಲ್ಲಿ ಹಕ್ಕುಚ್ಯುತಿ ತಡೆಯುವುದು

ಸಾಲದ ಯೋಜನೆಗಳಿಂದ ಜನರಿಗೆ, ಪರಿಸರಕ್ಕೆ ಹಾನಿಯಾಗದಂತೆ ಪಾಲಿಸಬೇಕಾದ ನಿಯಮಗಳ ಕಟ್ಟು, ವಿಶ್ವಬ್ಯಾಂಕಿನ ಪರಿಸರ ಮತ್ತು ಸಾಮಾಜಿಕ ಚೌಕಟ್ಟು, 2018ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ 10 ಮಾನದಂಡಗಳಿವೆ. ಹತ್ತನ್ನೂ ಉರು ಹೊಡೆಯುವ ಬದಲು 1 (ಅಪಾಯಗಳ ಅಂದಾಜು), 5 (ಭೂಸ್ವಾಧೀನ, ಪುನರ್ವಸತಿ) ಮತ್ತು 10 (ಮಾಹಿತಿ, ಸಮಾಲೋಚನೆ) ಇವನ್ನು ಸರಿಯಾಗಿ ಓದಿಕೊಳ್ಳಿ. ಜಗಳಗಳೆಲ್ಲ ಹೆಚ್ಚಾಗಿ ಹುಟ್ಟುವುದು ಇಲ್ಲೇ.

ಮೊದಲ ಎಡವಟ್ಟು ಆಗುವುದು ಬಾಧಿತರು ಯಾರು ಎಂದು ಗೆರೆ ಎಳೆಯುವಾಗ. ಗುಜರಾತಿನ ಮುಂದ್ರಾದ 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ನೋಡಿ. ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮ (ಐಎಫ್‌ಸಿ) 2008ರಲ್ಲಿ ಇದಕ್ಕೆ 45 ಕೋಟಿ ಡಾಲರ್ ಸಾಲ ಕೊಟ್ಟಿತು. ಅಲ್ಲಿನ ಮೀನುಗಾರ ಕುಟುಂಬಗಳು ವರ್ಷದಲ್ಲಿ ಹಲವು ತಿಂಗಳು ಕಡಲಂಚಿನಲ್ಲಿ ಗುಡಿಸಲು ಹಾಕಿ ಮೀನು ಹಿಡಿದು ಒಣಗಿಸುತ್ತವೆ, ಮಳೆಗಾಲಕ್ಕೆ ಊರಿಗೆ ಮರಳುತ್ತವೆ. ಅವರ ಹೆಸರಲ್ಲಿ ಪಹಣಿ ಇಲ್ಲ, ಕಾಯಂ ಮನೆಯಿಲ್ಲ. ಸ್ಥಾವರ ತಂಪಾಗಲು ಸಮುದ್ರದ ನೀರನ್ನು ಎಳೆದುಕೊಂಡು, ಬಿಸಿಯಾದದ್ದನ್ನು ಕಡಲಿಗೇ ಬಿಡುತ್ತದೆ. ಅಂದರೆ ಯಾರ ಜಮೀನೂ ಹೋಗದಿದ್ದರೂ ಹೊಟ್ಟೆಪಾಡು ಹೋಗಬಹುದು. 2011ರಲ್ಲಿ ದೂರು ಹೋಯಿತು. ನಿಗಮದ ಸ್ವತಂತ್ರ ದೂರು ವಿಭಾಗವಾದ ಸಿಎಒ 2013ರ ವರದಿಯಲ್ಲಿ, ಈ ಋತುಮಾನದ ನಿವಾಸಿಗಳ ಬಗ್ಗೆ ಸಾಲದಾತರು ಸಾಕಷ್ಟು ಗಮನ ಹರಿಸಿರಲಿಲ್ಲ ಎಂದಿತು. ಅಷ್ಟು ಹೊತ್ತಿಗೆ ಸ್ಥಾವರ ಎದ್ದು ನಿಂತಿತ್ತು!

ಹಾಗಾಗಿ ಬೇಸ್‌ಲೈನ್ ಸರ್ವೆಯನ್ನು (ಯೋಜನೆಗೆ ಮೊದಲು ಅಲ್ಲಿ ಯಾರಿದ್ದಾರೆ, ಹೇಗೆ ಬದುಕುತ್ತಾರೆ ಎಂದು ದಾಖಲಿಸುವ ಸಮೀಕ್ಷೆ) ಒಂದೇ ಋತುವಿನಲ್ಲಿ ಮುಗಿಸಬಾರದು. ಕುರಿಗಾಹಿ, ಗುತ್ತಿಗೆ ರೈತ, ಕೂಲಿಯವರು, ಗೋಮಾಳ ನಂಬಿದವರು ಯಾರೂ ಪಹಣಿಯಲ್ಲಿ ಸಿಗುವುದಿಲ್ಲ. ಊರೊಳಗೆ ಕೂತು ಕೇಳಬೇಕು, ಹೆಂಗಸರನ್ನು ಪ್ರತ್ಯೇಕವಾಗಿ ಕೇಳಬೇಕು. ಮಾನದಂಡ 5ರ ಪ್ರಕಾರ ಹಕ್ಕುಪತ್ರವಿಲ್ಲದವರಿಗೂ ಮನೆ-ಮರ-ಕಟ್ಟಡದ ಪರಿಹಾರ ಮತ್ತು ಪುನರ್ವಸತಿ ನೆರವು ಸಲ್ಲಬೇಕು. ಭೂಮಿಯ ಬೆಲೆ ಮಾತ್ರ ಸಿಗದು. ಒಂದು ಷರತ್ತು: ಕಟ್-ಆಫ್ ದಿನಾಂಕಕ್ಕೆ, ಅಂದರೆ ನಂತರ ಬಂದು ನೆಲೆಸಿದವರಿಗೆ ನೆರವಿಲ್ಲ ಎಂದು ಗೊತ್ತುಮಾಡಿದ ದಿನಕ್ಕೆ, ಮೊದಲೇ ಅಲ್ಲಿದ್ದಿರಬೇಕು. ಆ ದಿನಾಂಕವನ್ನು ಡಂಗುರ ಸಾರಿ, ಲಿಖಿತವಾಗಿಯೂ ತಿಳಿಸದಿದ್ದರೆ, ಮೊದಲಿಂದ ಇದ್ದವರನ್ನೂ ಆಮೇಲೆ ಬಂದವರೆಂದು ಅನುಮಾನಿಸುವಂತಾಗುತ್ತದೆ.

ಪರಿಹಾರ ಅಂದರೆ ಬದಲಿ ವೆಚ್ಚ. ಮಾರುಕಟ್ಟೆ ದರಕ್ಕೆ ನೋಂದಣಿ, ಸಾಗಾಟದಂಥ ಖರ್ಚು ಸೇರಿಸಬೇಕು. ಹಳೆಯ ಮನೆಯೆಂದು ಸವಕಳಿ ಕಳೆಯುವಂತಿಲ್ಲ. ಲೆಕ್ಕಪತ್ರದಲ್ಲಿ ಕಣ್ತಪ್ಪಿಸಿ ನುಸುಳುವುದು ಈ ಸವಕಳಿಯೇ.

ಪುನರ್ವಸತಿಗಿಂತ ಮೊದಲೇ ಕಾಮಗಾರಿ ನಡೆದು ಕ್ರಮ ತಪ್ಪುವುದೂ ಹಕ್ಕುಚ್ಯುತಿಗೆ ದೊಡ್ಡ ಕಾರಣ. ನಮ್ಮ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಪುನರ್ವಸತಿ ಹಿಂದೆ ಬಿತ್ತೆಂದು 1990ರ ದಶಕದಲ್ಲಿ ವಿಶ್ವಬ್ಯಾಂಕ್ ಹಣ ಬಿಡುಗಡೆ ತಡೆಹಿಡಿದಿತ್ತು. ಈಗ ಸಾಲ ಒಪ್ಪಂದದ ಜೊತೆ ಬದ್ಧತಾ ಯೋಜನೆಯೊಂದು ಬರುತ್ತದೆ. ಯಾವ ಕೆಲಸ, ಯಾರಿಂದ, ಯಾವಾಗ ಎಂಬುದು ಅದರಲ್ಲಿರುತ್ತದೆ. ಓದುವಾಗ 'ಯಾವಾಗ' ಕಾಲಮ್ಮನ್ನೇ ಹಿಡಿಯಿರಿ. 'ಕಾಮಗಾರಿ ಆರಂಭಕ್ಕೆ ಮುನ್ನ' ಎಂದಿದ್ದರೆ ಒಪ್ಪಬಹುದು, 'ಸೂಕ್ತ ಸಮಯದಲ್ಲಿ' ಎಂದಿದ್ದರೆ ತಿದ್ದಿಸಬೇಕು.

ಕೂಲಿಕಾರರ ಕ್ಯಾಂಪ್ ಮರೆಯಬೇಡಿ. ಉಗಾಂಡಾದ ರಸ್ತೆ ಯೋಜನೆಯಲ್ಲಿ ಗುತ್ತಿಗೆದಾರರ ಕಾರ್ಮಿಕರು ಬಾಲಕಿಯರನ್ನು ಲೈಂಗಿಕವಾಗಿ ಶೋಷಿಸಿದ ಆರೋಪಗಳ ಬಳಿಕ ಬ್ಯಾಂಕ್ 2015ರಲ್ಲಿ ಹಣವನ್ನೇ ರದ್ದು ಮಾಡಿತು. ನಡತೆ ಸಂಹಿತೆಗೆ ಸಹಿ, ಮಹಿಳಾ ಸಿಬ್ಬಂದಿಯಿರುವ ಗೋಪ್ಯ ದೂರು ವ್ಯವಸ್ಥೆ ಇವೆಲ್ಲ ಟೆಂಡರ್ ದಸ್ತಾವೇಜಿನಲ್ಲೇ ಇರಬೇಕು, ಅವುಗಳ ಖರ್ಚಿನ ನಮೂದೂ ಇರಬೇಕು. ದುಡ್ಡಿಲ್ಲದ ಷರತ್ತನ್ನು ಗುತ್ತಿಗೆದಾರ ಪಾಲಿಸುವುದಿಲ್ಲ.

ದೂರು ಎಲ್ಲಿಗೆ? ಸರ್ಕಾರಕ್ಕೆ ಕೊಟ್ಟ ಸಾಲವಾದರೆ ವಿಶ್ವಬ್ಯಾಂಕಿನ ತಪಾಸಣಾ ಸಮಿತಿಗೆ. ಖಾಸಗಿ ಕಂಪನಿಗಾದರೆ ಸಿಎಒಗೆ. ಸಮಿತಿಗೆ ಕನಿಷ್ಠ ಇಬ್ಬರು ಬಾಧಿತರು ಬೇಕು, ಮೊದಲು ಬ್ಯಾಂಕಿನ ಸಿಬ್ಬಂದಿಯ ಗಮನಕ್ಕೆ ತಂದಿರಬೇಕು. ಆ ಪತ್ರದ ಪ್ರತಿ, ಸ್ವೀಕೃತಿ, ತಾರೀಖು ಜೋಪಾನ. ಹೆಸರು ಗೋಪ್ಯವಾಗಿಡಿ ಎಂದು ಮೊದಲ ಪತ್ರದಲ್ಲೇ ಕೇಳಬಹುದು.