ಹದಿನೆಂಟು ಪಂದ್ಯ, ಒಂದೂ ಗೆಲುವಿಲ್ಲ: ಬಫಲೋ ಸೇಬರ್ಸ್ ಕುಸಿತದ ಹಿನ್ನೆಲೆ

2021ರ ಮಾರ್ಚ್ 29ರ ರಾತ್ರಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ, ಕೋವಿಡ್ ನಿರ್ಬಂಧದಿಂದಾಗಿ ಬಹುಪಾಲು ಖಾಲಿಯಿದ್ದ ಅಂಗಣದಲ್ಲಿ ಐಸ್ ಹಾಕಿ ಪಂದ್ಯ ನಡೆಯುತ್ತಿತ್ತು. ಮೂರು ಅವಧಿಗಳ ಪೈಕಿ ಎರಡು ಮುಗಿದಾಗ ಆತಿಥೇಯ ಬಫಲೋ ಸೇಬರ್ಸ್ ತಂಡ ಫಿಲಡೆಲ್ಫಿಯಾ ಫ್ಲೈಯರ್ಸ್ ಎದುರು 3–0 ಮುಂದಿತ್ತು. ಹಿಂದಿನ 17 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದಿದ್ದ ತಂಡ ಇನ್ನು 20 ನಿಮಿಷ ತಡೆದು ನಿಂತಿದ್ದರೆ ಸಾಕಿತ್ತು. ಆದರೆ ಆ 20 ನಿಮಿಷಗಳಲ್ಲಿ ಫ್ಲೈಯರ್ಸ್ ಮೂರು ಗೋಲು ಹೊಡೆದು ಸಮ ಮಾಡಿಕೊಂಡಿತು, ಹೆಚ್ಚುವರಿ ಅವಧಿಯಲ್ಲಿ ನಾಲ್ಕನೆಯದನ್ನೂ ಹೊಡೆದು ಗೆದ್ದುಕೊಂಡಿತು. ಹೀಗೆ ಗೆಲುವಿಲ್ಲದ ಪಂದ್ಯಗಳ ಸಂಖ್ಯೆ 18ಕ್ಕೆ ಏರಿತು. ಎರಡು ದಿನಗಳ ನಂತರ, ಅದೇ ಅಂಗಣದಲ್ಲಿ ಅದೇ ಫ್ಲೈಯರ್ಸ್ ತಂಡವನ್ನು ಸೇಬರ್ಸ್ 6–1ರಿಂದ ಮಣಿಸಿತೆನ್ನುವುದು ಬೇರೆ ಮಾತು. ಅಷ್ಟರಲ್ಲಿ ಆ ಋತುವಿನ ಕಥೆ ಮುಗಿದೇ ಹೋಗಿತ್ತು.

2020–21ರ ಈ ಋತು ಎಷ್ಟು ಕೆಟ್ಟದ್ದಾಗಿತ್ತು ಎಂಬುದನ್ನು ಅಂಕಪಟ್ಟಿಯೇ ಹೇಳುತ್ತದೆ. ಸಾಂಕ್ರಾಮಿಕದ ಕಾರಣ ನ್ಯಾಷನಲ್ ಹಾಕಿ ಲೀಗ್ (ಎನ್‌ಎಚ್‌ಎಲ್) ಎಂದಿನ 82 ಪಂದ್ಯಗಳನ್ನು 56ಕ್ಕೆ ಇಳಿಸಿತ್ತು. ಅವುಗಳಲ್ಲಿ ಸೇಬರ್ಸ್ ಗೆದ್ದದ್ದು 15, ಸೋತದ್ದು 34, ಹೆಚ್ಚುವರಿ ಅವಧಿಯಲ್ಲೋ ಶೂಟೌಟ್‌ನಲ್ಲೋ ಕೈಬಿಟ್ಟದ್ದು 7. ಗೆಲುವಿಗೆ ಎರಡು ಅಂಕ, ಹೆಚ್ಚುವರಿ ಅವಧಿಯ ಸೋಲಿಗೆ ಒಂದು ಅಂಕ ಎಂಬ ಲೆಕ್ಕದಲ್ಲಿ ಕೈಗೆ ಬಂದದ್ದು 37 ಅಂಕ, 31 ತಂಡಗಳಲ್ಲಿ 31ನೇ ಸ್ಥಾನ. ಋತು ಆರಂಭವಾಗುವಾಗ ಇದೇ ತಂಡದ ಬಗ್ಗೆ ನಿರೀಕ್ಷೆ ಸಣ್ಣದೇನೂ ಇರಲಿಲ್ಲ. 2018ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದಿದ್ದ ಟೇಲರ್ ಹಾಲ್ ಅವರನ್ನು 80 ಲಕ್ಷ ಡಾಲರ್ ಕೊಟ್ಟು ಒಂದು ವರ್ಷದ ಮಟ್ಟಿಗೆ ಕರೆತರಲಾಗಿತ್ತು. ಅನುಭವಿ ಎರಿಕ್ ಸ್ಟಾಲ್ ಬಂದಿದ್ದರು. ನಾಯಕ ಜಾಕ್ ಐಕೆಲ್ ಲೀಗ್‌ನ ಅತ್ಯುತ್ತಮ ಸೆಂಟರ್‌ಗಳಲ್ಲಿ ಒಬ್ಬರೆಂದು ಎಲ್ಲರೂ ಒಪ್ಪಿದ್ದರು. ಹಾಲ್ 37 ಪಂದ್ಯಗಳಲ್ಲಿ ಹೊಡೆದದ್ದು ಎರಡೇ ಗೋಲು. ಐಕೆಲ್ ಕೂಡ 21 ಪಂದ್ಯಗಳಲ್ಲಿ ಎರಡೇ ಗೋಲು ಹೊಡೆದು, ಮಾರ್ಚ್ ಮೊದಲ ವಾರ ಕುತ್ತಿಗೆಗೆ ಪೆಟ್ಟು ಮಾಡಿಕೊಂಡು ಹೊರನಡೆದರು. ಏಪ್ರಿಲ್‌ನಲ್ಲಿ ಬಾಸ್ಟನ್ ತಂಡಕ್ಕೆ ವರ್ಗವಾದ ಹಾಲ್, ಅಲ್ಲಿ ಉಳಿದ 16 ಪಂದ್ಯಗಳಲ್ಲಿ ಎಂಟು ಗೋಲು ಹೊಡೆದರು. ಆಟಗಾರ ಅವನೇ, ಕೈಯೂ ಅದೇ, ಕೋಲೂ ಅದೇ. ಬದಲಾಗಿದ್ದು ಅಂಗಿಯಷ್ಟೇ.

ಈ ಕೊನೆಯ ಸಂಗತಿಯನ್ನು ಬಿಡಿಸಿಕೊಳ್ಳಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

ಬಫಲೋ ನಯಾಗರಾ ಜಲಪಾತದ ನೆರೆಯ ಊರು, ಕೆನಡಾದ ಗಡಿಗೆ ಅಂಟಿಕೊಂಡಿರುವ ಹಳೆಯ ಕೈಗಾರಿಕಾ ನಗರ. ನಮ್ಮಲ್ಲಿ ಹಾಕಿ ಎಂದರೆ ಕೊಡಗಿನ ಮೈದಾನಗಳು ಕಣ್ಣಿಗೆ ಬರುವಂತೆ ಅಲ್ಲಿ ಹಾಕಿ ಎಂದರೆ ಮಂಜುಗಡ್ಡೆಯೇ. 1970ರಲ್ಲಿ ಹುಟ್ಟಿದ ಸೇಬರ್ಸ್ ತಂಡ 1975 ಮತ್ತು 1999ರಲ್ಲಿ ಎನ್‌ಎಚ್‌ಎಲ್‌ನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್‌ನ ಫೈನಲ್ ತಲುಪಿ ಎರಡೂ ಬಾರಿ ಸೋತಿತು. ಕಪ್ ಇದುವರೆಗೆ ದಕ್ಕಿಲ್ಲವಾದರೂ ತಂಡಕ್ಕೆ ಗೌರವವಿತ್ತು. 1997ರಿಂದ ಕೋಚ್ ಆಗಿದ್ದ ಲಿಂಡಿ ರಫ್ ಅವರ ಕಾಲದಲ್ಲಿ, 2006 ಮತ್ತು 2007ರಲ್ಲಿ, ಅದು ಸತತವಾಗಿ ಕಾನ್ಫರೆನ್ಸ್ ಫೈನಲ್‌ವರೆಗೂ, ಅಂದರೆ ಸೆಮಿಫೈನಲ್‌ಗೆ ಸಮನಾದ ಹಂತದವರೆಗೂ, ಹೋಗಿತ್ತು. 2011ರ ಫೆಬ್ರವರಿಯಲ್ಲಿ, ನೈಸರ್ಗಿಕ ಅನಿಲದ ಉದ್ಯಮದಲ್ಲಿ ಕೋಟ್ಯಧಿಪತಿಯಾದ ಟೆರಿ ಪೆಗುಲಾ ತಂಡವನ್ನು ಕೊಂಡಾಗ, ಊರಿನ ಜನ ಅದನ್ನು ಹಬ್ಬದಂತೆ ಸ್ವಾಗತಿಸಿದರು. ತಾವೇ ಈ ತಂಡದ ಹಳೆಯ ಅಭಿಮಾನಿಯಾಗಿದ್ದ ಪೆಗುಲಾ, ಇನ್ನು ಮುಂದೆ ಈ ತಂಡ ಇರುವುದೇ ಸ್ಟಾನ್ಲಿ ಕಪ್ ಗೆಲ್ಲುವುದಕ್ಕೆ ಎಂದು ಮೊದಲ ದಿನವೇ ಘೋಷಿಸಿದರು. ಆ ವರ್ಷ ಪ್ಲೇ–ಆಫ್ ಆಡಿದ ಸೇಬರ್ಸ್ ಮೊದಲ ಸುತ್ತಿನಲ್ಲಿ ಏಳು ಪಂದ್ಯಗಳ ಹೋರಾಟ ಕೊಟ್ಟು ಫ್ಲೈಯರ್ಸ್ ಎದುರು ಸೋತಿತು. ಅಲ್ಲಿಂದ ಮುಂದೆ 2024–25ರ ಋತು ಮುಗಿಯುವವರೆಗೆ, ಅಂದರೆ ಸತತ 14 ಋತುಗಳ ಕಾಲ, ಅದು ಪ್ಲೇ–ಆಫ್ ಮೆಟ್ಟಿಲನ್ನು ಮತ್ತೆ ತುಳಿಯಲಿಲ್ಲ. ಎನ್‌ಎಚ್‌ಎಲ್ ಇತಿಹಾಸದಲ್ಲಿ ಇಷ್ಟು ದೀರ್ಘ ಬರಗಾಲ ಇನ್ನೊಂದಿಲ್ಲ.

ಹೊಸ ಮಾಲೀಕರ ಮೊದಲ ತಪ್ಪು ದುಂದುಗಾರಿಕೆ. 2011ರ ಬೇಸಿಗೆಯಲ್ಲಿ ವಿಲ್ಲೆ ಲೇನೊ ಅವರಿಗೆ ಆರು ವರ್ಷಕ್ಕೆ 2.7 ಕೋಟಿ ಡಾಲರ್, ಕ್ರಿಸ್ಟಿಯನ್ ಎರ್ಹಾಫ್ ಅವರಿಗೆ ಹತ್ತು ವರ್ಷಕ್ಕೆ 4 ಕೋಟಿ ಡಾಲರ್ ಒಪ್ಪಂದಗಳಾದವು. ಮೂರೇ ವರ್ಷಗಳಲ್ಲಿ ಇಬ್ಬರಿಗೂ ಪರಿಹಾರ ಕೊಟ್ಟು ಕಳುಹಿಸಬೇಕಾಯಿತು. ಇಂಥ ತಪ್ಪನ್ನು ಶ್ರೀಮಂತ ಮಾಲೀಕರು ಎಲ್ಲೆಡೆ ಮಾಡುತ್ತಾರೆ, ತಿದ್ದಿಕೊಳ್ಳುತ್ತಾರೆ. ಎರಡನೆಯದು ಹಾಗೆ ತಿದ್ದಿಕೊಳ್ಳಬಹುದಾದ ತಪ್ಪಾಗಿರಲಿಲ್ಲ.

ಉತ್ತರ ಅಮೆರಿಕದ ವೃತ್ತಿಪರ ಲೀಗ್‌ಗಳ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಕೊನೆಯ ಸ್ಥಾನ ಪಡೆದ ತಂಡ ಕೆಳದರ್ಜೆಗೆ ಇಳಿಯುವುದಿಲ್ಲ. ನಮ್ಮ ಐಪಿಎಲ್‌ನಲ್ಲೂ ಇಳಿಯುವುದಿಲ್ಲ, ಆದರೆ ನಮ್ಮ ಹರಾಜಿನಲ್ಲಿ ಹಿಂದಿನ ವರ್ಷ ಸೋತವರಿಗೆ ವಿಶೇಷ ಆದ್ಯತೆಯೇನೂ ಸಿಗುವುದಿಲ್ಲ. ಎನ್‌ಎಚ್‌ಎಲ್‌ನಲ್ಲಿ ಸಿಗುತ್ತದೆ. ಹದಿನೆಂಟರ ಆಸುಪಾಸಿನ ಹೊಸ ಆಟಗಾರರನ್ನು ತಂಡಗಳಿಗೆ ಹಂಚುವ ವಾರ್ಷಿಕ ಡ್ರಾಫ್ಟ್‌ನಲ್ಲಿ, ಪಟ್ಟಿಯ ತಳದಲ್ಲಿದ್ದವರಿಗೆ ಲಾಟರಿಯ ಮೂಲಕ ಮೊದಲ ಆಯ್ಕೆ ಸಿಗುವ ಸಾಧ್ಯತೆ ಅತಿ ಹೆಚ್ಚು. ದುರ್ಬಲರನ್ನು ಮೇಲೆತ್ತಲು ಮಾಡಿದ ಈ ನಿಯಮವು, ಹೇಗೂ ಗೆಲ್ಲುವುದಿಲ್ಲ ಎನ್ನುವ ತಂಡಕ್ಕೆ ಸಂಪೂರ್ಣವಾಗಿ ಸೋಲುವುದೇ ಲಾಭ ಎಂಬ ಲೆಕ್ಕಾಚಾರವನ್ನೂ ಹುಟ್ಟಿಸಿತು. 2015ರ ಡ್ರಾಫ್ಟ್‌ನಲ್ಲಿ ಇಂಥ ಲೆಕ್ಕಕ್ಕೆ ತಕ್ಕ ಬಹುಮಾನವೂ ಇತ್ತು: ಕೆನಡಾದ ಕಾನರ್ ಮೆಕ್‌ಡೇವಿಡ್, ಒಂದು ತಲೆಮಾರಿಗೆ ಒಬ್ಬ ಎನ್ನಲಾದ ಹುಡುಗ.

2013ರ ಫೆಬ್ರವರಿಯಲ್ಲಿ ರಫ್ ಅವರನ್ನು ತೆಗೆದ ಮೇಲೆ ಬಫಲೋ ತನ್ನ ಹಿರಿಯ ಆಟಗಾರರನ್ನು ಒಬ್ಬೊಬ್ಬರಾಗಿ ಬಿಟ್ಟುಕೊಟ್ಟಿತು. ಪಾಮಿನ್‌ವಿಲ್ ಹೋದರು, ವ್ಯಾನೆಕ್ ಹೋದರು, ವರ್ಷಗಳ ಕಾಲ ಗೋಲು ಕಾದ ರಯಾನ್ ಮಿಲ್ಲರ್ ಹೋದರು. 2014–15ರಲ್ಲಿ, ಗೋಲ್‌ಕೀಪರ್ ಒಬ್ಬ ಚೆನ್ನಾಗಿ ಆಡತೊಡಗಿದರೆ ಅವನನ್ನೂ ಬೇರೆ ತಂಡಕ್ಕೆ ಕಳುಹಿಸಲಾಯಿತು. ಎನ್‌ರೋತ್ ಮತ್ತು ನ್ಯೂವಿರ್ತ್ ಇಬ್ಬರೂ ಋತುವಿನ ನಡುವೆಯೇ ಹೊರಟರು. ಅದೇ ಹೊತ್ತಿನಲ್ಲಿ, ಬೇರೊಂದು ವಿನಿಮಯದಲ್ಲಿ ವಿನಿಪೆಗ್‌ನಿಂದ ತಂದ ಎವಾಂಡರ್ ಕೇನ್, ಭುಜದ ಶಸ್ತ್ರಚಿಕಿತ್ಸೆಯಾಗಿ ಆ ಋತುವಿನಲ್ಲಿ ಆಡುವಂತೆಯೇ ಇರಲಿಲ್ಲ. ಸೋಲಬೇಕೆಂದೇ ಹೀಗೆ ಮಾಡುತ್ತಿದ್ದೇವೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮಾರ್ಚ್ 26ರಂದು, ತಳದಿಂದ ಎರಡನೆಯದಾಗಿದ್ದ ಅರಿಜೋನಾ ಕಯೋಟಿಸ್ ತಂಡ ಬಫಲೋದಲ್ಲೇ ಹೆಚ್ಚುವರಿ ಅವಧಿಯ ಗೋಲು ಹೊಡೆದು ಗೆದ್ದಾಗ, ಬಫಲೋ ಅಭಿಮಾನಿಗಳಲ್ಲಿ ಹಲವರು ಎದ್ದು ನಿಂತು ಕೇಕೆ ಹಾಕಿದರು. ತಮ್ಮ ಅಂಗಣದಲ್ಲಿ, ತಮ್ಮ ಟಿಕೆಟ್ ಹಣದಲ್ಲಿ ಕೂತ ಜನ ಎದುರಾಳಿಯ ಗೋಲಿಗೆ ಕುಣಿಯುವುದನ್ನು ನೋಡಿದ ಆಟಗಾರರು ಬಹಿರಂಗವಾಗಿಯೇ ನೊಂದುಕೊಂಡರು. ಈ ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ದೃಶ್ಯ ಇದೇ, ಆ ಹದಿನೆಂಟು ಪಂದ್ಯಗಳೂ ಇದರ ಮುಂದೆ ಸಣ್ಣವು.

ಲೆಕ್ಕಾಚಾರವಾದರೂ ಫಲಿಸಿತೇ ಎಂದರೆ ಅದೂ ಇಲ್ಲ. ಕೊನೆಯ ಸ್ಥಾನದ ಬಫಲೋಗೆ ಲಾಟರಿಯಲ್ಲಿ ಮೊದಲ ಆಯ್ಕೆ ಸಿಗುವ ಸಾಧ್ಯತೆ ಇದ್ದದ್ದು ಶೇ 20 ಮಾತ್ರ. ಶೇ 11.5 ಸಾಧ್ಯತೆಯಿದ್ದ ಎಡ್ಮಂಟನ್ ಗೆದ್ದು ಮೆಕ್‌ಡೇವಿಡ್ ಅವರನ್ನು ಕೊಂಡೊಯ್ದಿತು. ಬಫಲೋ ಪಾಲಿಗೆ ಎರಡನೆಯವರಾಗಿ ಐಕೆಲ್ ಬಂದರು. ಅವರು ಸಮಾಧಾನದ ಬಹುಮಾನವೇನಲ್ಲ, ಅಂಥ ಆಟಗಾರನ ಸುತ್ತ ಇಡೀ ತಂಡವನ್ನೇ ಕಟ್ಟಬಹುದು. ಹಿಂದಿನ ವರ್ಷ ಎರಡನೇ ಆಯ್ಕೆಯಾಗಿ ಸ್ಯಾಮ್ ರೈನ್‌ಹಾರ್ಟ್ ಬಂದಿದ್ದರು, 2018ರಲ್ಲಿ ಮೊದಲ ಆಯ್ಕೆಯಾಗಿ ರಾಸ್ಮಸ್ ಡಾಲಿನ್ ಬಂದರು. ಪ್ರತಿಭೆಗೆ ಕೊರತೆ ಇರಲಿಲ್ಲ. ಕೊರತೆಯಿದ್ದದ್ದು ಕಾಯುವ ಬುದ್ಧಿಗೆ. ನೆಟ್ಟ ಸಸಿ ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಮೂರು ದಿನಕ್ಕೊಮ್ಮೆ ಕಿತ್ತು ನೋಡುವವರ ತೋಟ ಹೇಗಿರುತ್ತದೋ ಬಫಲೋ ಹಾಗಿತ್ತು. ಅಲ್ಲಿ 2013ರ ಫೆಬ್ರವರಿಯಿಂದ 2021ರ ಮಾರ್ಚ್‌ವರೆಗೆ ರಫ್, ರಾಲ್‌ಸ್ಟನ್, ನೋಲನ್, ಬೈಲ್ಸ್‌ಮಾ, ಹೌಸ್ಲಿ, ಕ್ರೂಗರ್ ಎಂದು ಆರು ಕೋಚ್‌ಗಳು ಕೆಲಸ ಕಳೆದುಕೊಂಡರು. ಆಟಗಾರರ ಆಯ್ಕೆ, ವಿನಿಮಯಗಳ ಹೊಣೆ ಹೊತ್ತ ಜನರಲ್ ಮ್ಯಾನೇಜರ್‌ಗಳು ಮೂವರು. ಬಂದ ಪ್ರತಿಯೊಬ್ಬರೂ ಹಿಂದಿನವರ ಯೋಜನೆಯನ್ನು ಅರ್ಧಕ್ಕೆ ಬಿಟ್ಟು ತಮ್ಮದನ್ನು ಆರಂಭಿಸಿದರು, ಅದು ಮುಗಿಯುವ ಮೊದಲೇ ತಾವೂ ಹೊರಟರು.

ಇದರ ಫಲವನ್ನು ರಯಾನ್ ಓ'ರೈಲಿ ಅವರ ವಿಷಯದಲ್ಲಿ ಹತ್ತಿರದಿಂದ ನೋಡಬಹುದು. 2017–18ರಲ್ಲಿ ತಂಡ ಮತ್ತೆ ಲೀಗ್‌ನ ಕೊನೆಯ ಸ್ಥಾನಕ್ಕೆ ಬಿದ್ದಾಗ, ಸೋಲನ್ನು ಸಹಜವೆಂದು ಒಪ್ಪಿಕೊಳ್ಳುವ ಮನಃಸ್ಥಿತಿ ಒಳಗೆ ನುಸುಳಿದೆ, ತನಗೇ ಕೆಲವೊಮ್ಮೆ ಆಟದ ಮೇಲಿನ ಪ್ರೀತಿ ಕಳೆದುಹೋಗಿತ್ತು ಎಂದು ಓ'ರೈಲಿ ಪತ್ರಕರ್ತರ ಮುಂದೆ ಹೇಳಿಕೊಂಡರು. ರೋಗಿಯೇ ತನ್ನ ರೋಗದ ಹೆಸರು ಹೇಳಿದಂತಿತ್ತು ಆ ಮಾತು. ಆಡಳಿತ ಅದನ್ನು ಎಚ್ಚರಿಕೆಯಾಗಿ ತೆಗೆದುಕೊಳ್ಳುವ ಬದಲು, 75 ಲಕ್ಷ ಡಾಲರ್ ಬೋನಸ್ ಕೊಡಬೇಕಿದ್ದ 2018ರ ಜುಲೈ 1ರಂದೇ ಅವರನ್ನು ಸೇಂಟ್ ಲೂಯಿಸ್ ಬ್ಲೂಸ್ ತಂಡಕ್ಕೆ ಸಾಗಹಾಕಿತು. ಮರುವರ್ಷವೇ ಬ್ಲೂಸ್ ತನ್ನ ಇತಿಹಾಸದ ಮೊದಲ ಸ್ಟಾನ್ಲಿ ಕಪ್ ಗೆದ್ದಿತು, ಪ್ಲೇ–ಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಓ'ರೈಲಿ ಅವರ ಕೈ ಸೇರಿತು. ಆ ವಿನಿಮಯದಲ್ಲಿ ಬಂದ ಟೇಜ್ ಥಾಂಪ್ಸನ್ ಮುಂದೆ ಒಂದೇ ಋತುವಿನಲ್ಲಿ 47 ಗೋಲು ಹೊಡೆಯುವ ಮಟ್ಟಕ್ಕೆ ಬೆಳೆದರು ಎಂಬುದನ್ನೂ ಹೇಳಬೇಕು, ಆದರೆ ಅದಕ್ಕೆ ನಾಲ್ಕೈದು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರನ್ನು ತಂದ ಮ್ಯಾನೇಜರ್ ಮನೆಗೆ ಹೋಗಿಯಾಗಿತ್ತು.

ನಡುವೆ ಒಮ್ಮೆ ಆಸೆ ಚಿಗುರಿತ್ತು. 2018ರ ನವೆಂಬರ್‌ನಲ್ಲಿ ಸೇಬರ್ಸ್ ಸತತ ಹತ್ತು ಪಂದ್ಯ ಗೆದ್ದು ಲೀಗ್‌ನ ಅಗ್ರಸ್ಥಾನಕ್ಕೇರಿತು. ಆ ಋತು ಮುಗಿದಾಗ ತಂಡದ ಬಳಿ ಇದ್ದದ್ದು ಬರೀ 76 ಅಂಕ. ಹಾಗಿದ್ದರೂ ಆ ವರ್ಷ ಮಿಂಚಿದ ಜೆಫ್ ಸ್ಕಿನ್ನರ್ ಅವರಿಗೆ ಎಂಟು ವರ್ಷಕ್ಕೆ 7.2 ಕೋಟಿ ಡಾಲರ್ ಒಪ್ಪಂದ ಕೊಡಲಾಯಿತು. ಪ್ರತಿ ತಂಡದ ವೇತನಕ್ಕೆ ಮಿತಿ ಹಾಕುವ ಲೀಗ್‌ನಲ್ಲಿ ಇಂಥ ಒಂದು ಒಪ್ಪಂದ ಮುಂದಿನ ಹಲವು ದಾರಿಗಳನ್ನು ಮುಚ್ಚಿಬಿಡುತ್ತದೆ.

ಕುಸಿತದ ಋತುವಿಗೆ ನೇರವಾಗಿ ಎಡೆಮಾಡಿದ್ದು 2020ರ ಜೂನ್. ಕೋವಿಡ್ ಕಾರಣ ಆ ವರ್ಷ 24 ತಂಡಗಳಿಗೆ ಮುಂದಿನ ಹಂತದ ಬಾಗಿಲು ತೆರೆದಿದ್ದರೂ, 25ನೇ ಸ್ಥಾನದಲ್ಲಿದ್ದ ಬಫಲೋ ಹೊರಗುಳಿಯಿತು. ಜೂನ್ 16ರಂದು ಮಾಲೀಕರು ಜನರಲ್ ಮ್ಯಾನೇಜರ್ ಜೇಸನ್ ಬಾಟರಿಲ್ ಅವರನ್ನಷ್ಟೇ ಅಲ್ಲ, ಅವರ ಸಹಾಯಕರು, ಆಟಗಾರರನ್ನು ಹುಡುಕುವ ಸ್ಕೌಟ್‌ಗಳು, ಕಿರಿಯರ ತಂಡದ ಕೋಚ್ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಒಂದೇ ಏಟಿಗೆ ಮನೆಗೆ ಕಳುಹಿಸಿದರು. ಹೊಸ ಮ್ಯಾನೇಜರ್ ಕೆವಿನ್ ಆಡಮ್ಸ್ ಹಿಂದೆ ಎನ್‌ಎಚ್‌ಎಲ್‌ನ ಬೇರೆ ತಂಡಗಳಲ್ಲಿ ಆಡಿದವರು, ಆಗ ತಂಡದ ವ್ಯವಹಾರ ವಿಭಾಗದಲ್ಲಿದ್ದವರು. ಅವರು ಅದುವರೆಗೆ ಆ ಹುದ್ದೆಯನ್ನು ಎಲ್ಲೂ ನಿಭಾಯಿಸಿರಲಿಲ್ಲ. ಕೋಚ್ ರಾಲ್ಫ್ ಕ್ರೂಗರ್ ಸ್ವಿಟ್ಜರ್ಲೆಂಡ್ ತಂಡವನ್ನು ಬಹುಕಾಲ ಪಳಗಿಸಿದವರು, ಆದರೆ ಬಫಲೋಗೆ ಬರುವ ಮುನ್ನ ಇಂಗ್ಲೆಂಡಿನ ಸೌತಾಂಪ್ಟನ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರಾಗಿ ವರ್ಷಗಳ ಕಾಲ ಬಹುಮಟ್ಟಿಗೆ ಮಂಜುಗಡ್ಡೆಯಿಂದ ದೂರವಿದ್ದವರು. ಖರ್ಚು ಉಳಿಸುವ ಹೊತ್ತಿನಲ್ಲಿ ಕಣ್ಣು ಕಿವಿಗಳನ್ನೇ ಕಳೆದುಕೊಂಡ ಸಂಸ್ಥೆಯೊಂದು, ದುಬಾರಿ ಆಟಗಾರರನ್ನು ತಂದು ಆ ಕೊರತೆ ಮುಚ್ಚಲು ಹೊರಟಿತ್ತು.

2021ರ ಜನವರಿ ಕೊನೆಯಲ್ಲಿ ನ್ಯೂಜೆರ್ಸಿ ಎದುರಿನ ಪಂದ್ಯಗಳ ಬಳಿಕ ತಂಡದೊಳಗೆ ಕೋವಿಡ್ ಹಬ್ಬಿ, ಕ್ರೂಗರ್ ಅವರಿಗೂ ತಗುಲಿ, ಎರಡು ವಾರ ಆಟವೇ ನಿಂತಿತು. ಮರಳಿದ ಮೇಲೆ ಕೋಚ್ ಸ್ಕಿನ್ನರ್ ಅವರನ್ನು ಮೂರು ಪಂದ್ಯ ಹೊರಗೆ ಕೂರಿಸಿದರು, ಅಂದರೆ ವರ್ಷಕ್ಕೆ 90 ಲಕ್ಷ ಡಾಲರ್ ಪಡೆಯುವ ಆಟಗಾರ ಗ್ಯಾಲರಿಯಿಂದ ಪಂದ್ಯ ನೋಡಿದರು. ಫೆಬ್ರವರಿ 23ರಂದು ನ್ಯೂಜೆರ್ಸಿಯನ್ನು 4–1ರಿಂದ ಸೋಲಿಸಿದ್ದೇ ಕೊನೆ, ಮುಂದಿನ ಗೆಲುವಿಗೆ ಮಾರ್ಚ್ 31 ಬರಬೇಕಾಯಿತು. ಹನ್ನೆರಡನೇ ಪಂದ್ಯದ ಬಳಿಕ, ಮಾರ್ಚ್ 17ರಂದು, ಕ್ರೂಗರ್ ವಜಾ ಆದರು. ಹಂಗಾಮಿ ಕೋಚ್ ಡಾನ್ ಗ್ರನಾಟೊ ಕೈಯಲ್ಲಿ ಇನ್ನೂ ಆರು ಪಂದ್ಯ ಹಾಗೆಯೇ ಹೋದವು. ಆದರೆ ನಂತರದ 22 ಪಂದ್ಯಗಳಲ್ಲಿ ತಂಡ ಒಂಬತ್ತನ್ನು ಗೆದ್ದಿತು, ಅದೂ ದೊಡ್ಡ ಹೆಸರುಗಳು ಹೊರಟುಹೋದ ಮೇಲೆ, ಹುಡುಗರನ್ನು ಇಟ್ಟುಕೊಂಡು. ಕೋಚ್‌ನ ತಪ್ಪೂ ಇತ್ತೆನ್ನಲು ಇದು ಸಾಕ್ಷಿ. ಕೋಚ್‌ನ ತಪ್ಪು ಮಾತ್ರ ಎನ್ನುವವರು ಮುಂದಿನದನ್ನು ನೋಡಬೇಕು.

ಐಕೆಲ್ ಅವರ ಕುತ್ತಿಗೆಯ ಡಿಸ್ಕ್ ಜಾರಿತ್ತು. ಅದನ್ನು ತೆಗೆದು ಕೃತಕ ಡಿಸ್ಕ್ ಕೂರಿಸಿಕೊಳ್ಳಬೇಕೆಂದು ಅವರು ಬಯಸಿದರು. ಆವರೆಗೆ ಯಾವ ಎನ್‌ಎಚ್‌ಎಲ್ ಆಟಗಾರನಿಗೂ ಆ ಶಸ್ತ್ರಚಿಕಿತ್ಸೆ ಆಗಿರಲಿಲ್ಲವಾದ್ದರಿಂದ ತಂಡ ಒಪ್ಪದೆ, ಎಲುಬುಗಳನ್ನು ಬೆಸೆಯುವ ರೂಢಿಯ ವಿಧಾನವೇ ಆಗಬೇಕೆಂದು ಹಟ ಹಿಡಿಯಿತು. ಲೀಗ್‌ನ ನಿಯಮದಂತೆ ಕೊನೆಯ ಮಾತು ತಂಡದ್ದೇ. ತಿಂಗಳುಗಟ್ಟಲೆ ಜಗ್ಗಾಟ ನಡೆದು, ಸೆಪ್ಟೆಂಬರ್‌ನಲ್ಲಿ ಅವರ ನಾಯಕತ್ವ ಕಿತ್ತುಕೊಳ್ಳಲಾಯಿತು, ನವೆಂಬರ್ 4ರಂದು ವೇಗಸ್ ಗೋಲ್ಡನ್ ನೈಟ್ಸ್ ತಂಡಕ್ಕೆ ಬಿಟ್ಟುಕೊಡಲಾಯಿತು. ಹೊಸ ತಂಡ ಸುಮಾರು ಒಂದು ವಾರದಲ್ಲೇ ಅವರು ಕೇಳಿದ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಟ್ಟು ಮಾಡಿಸಿತು. 2023ರಲ್ಲಿ ವೇಗಸ್ ಸ್ಟಾನ್ಲಿ ಕಪ್ ಗೆದ್ದಾಗ ಆ ಪ್ಲೇ–ಆಫ್‌ನಲ್ಲಿ ಅತಿ ಹೆಚ್ಚು ವೈಯಕ್ತಿಕ ಅಂಕ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ), 26, ಗಳಿಸಿದ ಆಟಗಾರ ಐಕೆಲ್. ಅದೇ 2021ರ ಬೇಸಿಗೆಯಲ್ಲಿ ಫ್ಲೋರಿಡಾಗೆ ಹೋದ ರೈನ್‌ಹಾರ್ಟ್ 2024ರ ಫೈನಲ್‌ನ ಏಳನೇ ಪಂದ್ಯದಲ್ಲಿ ಕಪ್ ತಂದುಕೊಟ್ಟ ಗೋಲು ಹೊಡೆದರು. ಬಾಸ್ಟನ್‌ಗೆ ಹೋದ ಗೋಲ್‌ಕೀಪರ್ ಲೀನಸ್ ಉಲ್‌ಮಾರ್ಕ್ 2023ರಲ್ಲಿ ಲೀಗ್‌ನ ಶ್ರೇಷ್ಠ ಗೋಲ್‌ಕೀಪರ್ ಎನಿಸಿಕೊಂಡರು.

ಬಫಲೋಗೆ ಸಿಕ್ಕಿದ್ದು 2021ರ ಲಾಟರಿಯಲ್ಲಿ ಮತ್ತೊಂದು ಮೊದಲ ಆಯ್ಕೆ, ಓವನ್ ಪವರ್. ಗ್ರನಾಟೊ ಅವರಿಗೆ ಈ ಬಾರಿ ಸ್ವಲ್ಪ ಸಮಯ ಕೊಡಲಾಯಿತು, 2022–23ರಲ್ಲಿ ತಂಡ 91 ಅಂಕ ಗಳಿಸಿ ಒಂದೇ ಅಂಕದಿಂದ ಪ್ಲೇ–ಆಫ್ ಅವಕಾಶ ಕಳೆದುಕೊಂಡಿತು. ಮರುವರ್ಷ ಮತ್ತೆ ಹಿಂದೆ ಬಿದ್ದಾಗ ಅವರೂ ಹೋದರು. 2024ರ ಏಪ್ರಿಲ್‌ನಲ್ಲಿ ಅವರ ಜಾಗಕ್ಕೆ ಬಂದದ್ದು ಹನ್ನೊಂದು ವರ್ಷಗಳ ಹಿಂದೆ ಇದೇ ಮಾಲೀಕರ ಕಾಲದಲ್ಲಿ ಹೊರಹೋಗಿದ್ದ ಲಿಂಡಿ ರಫ್. ಆ ಡಿಸೆಂಬರ್‌ನಲ್ಲಿ ಗೆಲುವಿಲ್ಲದ ಪಂದ್ಯಗಳ ಸಾಲು ಮತ್ತೆ ಬೆಳೆಯತೊಡಗಿದಾಗ, ಪೆಗುಲಾ ಸ್ವತಃ ಮಾಂಟ್ರಿಯಲ್‌ಗೆ ಹಾರಿ ಆಟಗಾರರನ್ನು ಕೂರಿಸಿಕೊಂಡು ಮಾತನಾಡಿದರು. ಅದರ ಬೆನ್ನಿಗೇ ಅಲ್ಲಿ ನಡೆದ ಪಂದ್ಯವನ್ನು ತಂಡ 6–1ರಿಂದ ಸೋತಿತು. ಸಾಲು 13 ಪಂದ್ಯಗಳವರೆಗೆ ಮುಂದುವರಿಯಿತು.