ನೋವಿಗೆ ಹುಟ್ಟಿದ ಕರೆಂಟು ನಡುಕಕ್ಕೆ ಹೋದ ಕತೆ

ನಮ್ಮ ದೊಡ್ಡಮ್ಮ ಗೌರಿಬಿದನೂರಿನವರು. ಮೂರು ವರ್ಷದ ಹಿಂದೆ ಅವರ ಎಡ ಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತ್ತು. ಕೆಮ್ಮಣ್ಣು ಹಚ್ಚಿದ್ದಾಯಿತು, ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದಿದ್ದಾಯಿತು, ಡಾಕ್ಟರ ಮಾತ್ರೆಯೂ ಆಯಿತು. ಗುಳ್ಳೆ ಒಣಗಿ ಉದುರಿದವು. ಉರಿ ಮಾತ್ರ ಉಳಿಯಿತು. ಸೆರಗು ತಾಗಿದರೂ ಕೆಂಡ ಇಟ್ಟ ಹಾಗೆ ಅಂತ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೇ ಓಡಾಡುತ್ತಾರೆ. ನೋಡಿದರೆ ಚರ್ಮದ ಮೇಲೆ ಏನೂ ಇಲ್ಲ. ಸುಮ್ನೆ ಹೇಳ್ತಾರೇನೋ ಅಂತ ಮನೆಯವರಿಗೆಲ್ಲ ಒಳಗೊಳಗೇ ಅನುಮಾನ. ನನಗೂ ಇತ್ತು, ಸುಳ್ಳೇಕೆ ಹೇಳಲಿ.

ಇದು ನರದ ನೋವು. ಗಾಯದ ನೋವಿನಂತಲ್ಲ, ಇಲ್ಲಿ ಸುದ್ದಿ ಒಯ್ಯುವ ನರವೇ ಕೆಟ್ಟಿರುತ್ತದೆ. ಕಾಲಿಂಗ್ ಬೆಲ್ಲಿನ ವೈರು ಒಳಗೇ ಶಾರ್ಟ್ ಆದರೆ ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಬೆಲ್ಲು ಹೊಡೆದುಕೊಳ್ಳುತ್ತಲೇ ಇರುತ್ತದಲ್ವಾ, ಹಾಗೆ. ಸಕ್ಕರೆ ಕಾಯಿಲೆಯವರ ಪಾದದ ಉರಿ ಇದೇ ಜಾತಿಯದು. ಬೈಕಿನಿಂದ ಬಿದ್ದು ಭುಜದ ನರಗಳು ಬುಡಸಮೇತ ಕಿತ್ತುಬಂದವರದ್ದು ಇನ್ನೂ ಕಷ್ಟ. ಕೈ ಎತ್ತಲು ಆಗುವುದಿಲ್ಲ, ಚಿವುಟಿದರೂ ಗೊತ್ತಾಗುವುದಿಲ್ಲ, ಆದರೆ ಅದೇ ಕೈ ಹಗಲೂ ರಾತ್ರಿ ಉರಿಯುತ್ತದೆ.

ಹೋದ ದೀಪಾವಳಿಗೆ ದೊಡ್ಡಮ್ಮನ ಮಗ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಪಾರ್ಕಿನ್ಸನ್ ಇರುವ ಅಜ್ಜನೊಬ್ಬರ ತಲೆಯೊಳಗೆ ವೈರು ಇಟ್ಟು ಸ್ವಿಚ್ಚು ಹಾಕುತ್ತಾರೆ, ಕೈ ನಡುಕ ಅಲ್ಲೇ ನಿಲ್ಲುತ್ತದೆ. ‘ಡೀಪ್ ಬ್ರೈನ್ ಸ್ಟಿಮ್ಯುಲೇಶನ್ ಅಂತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡ್ತಾರಂತೆ. ಇದನ್ನೇ ಅಮ್ಮನ ನೋವಿಗೂ ಇಡಬಹುದಲ್ವಾ?’ ಅಂದ. ಹುಡುಕುತ್ತಾ ಹೋದೆ. ನೋಡಿದರೆ ಕತೆ ಉಲ್ಟಾ ಇದೆ. ಆ ವೈರನ್ನು ನಡುಕಕ್ಕಿಂತ ಎಷ್ಟೋ ಮೊದಲೇ ನೋವಿಗೆ ಇಟ್ಟು ನೋಡಿದ್ದರು.

1950ರ ದಶಕದಲ್ಲೇ ಅಮೆರಿಕದ ಕೆಲವು ಡಾಕ್ಟರುಗಳು ಮೆದುಳಿನ ಆಳಕ್ಕೆ ಕರೆಂಟು ಕೊಟ್ಟಾಗ ರೋಗಿಗಳ ನೋವು ಇಳಿದದ್ದನ್ನು ಕಂಡಿದ್ದರು. ಅದು ಯಾಕೆ ಅಂತ ವಿವರಿಸುವ ದಾರಿ ಸಿಕ್ಕಿದ್ದು 1965ರಲ್ಲಿ. ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು, ನೋವು ಮೆದುಳಿಗೆ ನೇರ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಅದಕ್ಕೊಂದು ಗೇಟು ಇದೆ ಅಂದರು. ಕೆರೆ ಕಂಡವರಿಗೆ ಗೇಟು ಯಾಕೆ, ತೂಬು ಅನ್ನೋಣ. ಮೊಣಕಾಲು ತಗುಲಿದಾಗ ಉಜ್ಜಿಕೊಳ್ಳುತ್ತೇವಲ್ಲ, ಆ ಸ್ಪರ್ಶ ತೂಬನ್ನು ಒಂಚೂರು ಮುಚ್ಚುತ್ತದೆ. ಮೇಲೆ ಕೂತ ಮೆದುಳೂ ಅದನ್ನು ಮುಚ್ಚಿಸಬಲ್ಲದು.

1969ರಲ್ಲಿ ಡೇವಿಡ್ ರೆನಾಲ್ಡ್ಸ್ ಅದನ್ನು ಇಲಿಗಳಲ್ಲಿ ತೋರಿಸಿದರು. ನಡುಮೆದುಳಿನ ಒಂದು ಜಾಗಕ್ಕೆ ಕರೆಂಟು ಬಿಟ್ಟು, ಅರಿವಳಿಕೆ ಕೊಡದೆಯೇ ಹೊಟ್ಟೆ ಕೊಯ್ದು ಆಪರೇಷನ್ ಮಾಡಿದರು, ಇಲಿಗಳು ನೋವು ತೋರಿಸಲಿಲ್ಲ. ಓದುವಾಗ ನನಗಂತೂ ಹೊಟ್ಟೆ ತೊಳೆಸಿತು. 1973ರಲ್ಲಿ ಯೋಶಿಯೋ ಹೊಸೊಬುಚಿ ಮತ್ತು ಜೊತೆಯವರು ಮುಖದ ನರದ ನೋವಿಗೆ ಥಲಾಮಸ್‌ನಲ್ಲಿ ವೈರು ಇಟ್ಟು ಉಪಶಮನ ಕಂಡರು. ಮೈಯೆಲ್ಲದರ ಸುದ್ದಿ ಮೆದುಳಿನ ಮೇಲ್ಪದರಕ್ಕೆ ಹೋಗುವ ಮೊದಲು ಬಂದು ಸೇರುವ ಜಂಕ್ಷನ್ ಅದು.

ಮಾಡುವ ಕ್ರಮ ಇವತ್ತಿಗೂ ಹೆಚ್ಚುಕಡಿಮೆ ಅದೇ. ತಲೆಬುರುಡೆಗೆ ಸಣ್ಣ ತೂತು. ಒಳಗೆ ಒಂದೂಕಾಲು ಮಿಲಿಮೀಟರಿನಷ್ಟು ದಪ್ಪದ ವೈರು. ಅನೇಕ ಸಲ ರೋಗಿ ಎಚ್ಚರವಾಗಿಯೇ ಇರುತ್ತಾರೆ, ಯಾಕೆಂದರೆ ಮೆದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲ. ಥಲಾಮಸ್‌ಗೆ ಕರೆಂಟು ಬಿಟ್ಟಾಗ ನೋಯುವ ಜಾಗದಲ್ಲೇ ಜುಮ್ ಅಂದರೆ ವೈರು ಸರಿಯಾಗಿ ಕೂತಿದೆ ಅಂತ ಲೆಕ್ಕ. ಕೆಲವು ದಿನ ಹೊರಗಿನಿಂದಲೇ ಕರೆಂಟು ಕೊಟ್ಟು ನೋಡಿ, ಆರಾಮ ಸಿಕ್ಕರೆ ಮಾತ್ರ ಎದೆಯ ಚರ್ಮದ ಕೆಳಗೆ ಬ್ಯಾಟರಿ ಕೂರಿಸುತ್ತಾರೆ. ರಕ್ತಸ್ರಾವದ, ಸೋಂಕಿನ ಅಪಾಯ ಇದ್ದೇ ಇದೆ. ಖರ್ಚು ಲಕ್ಷಗಟ್ಟಲೆ.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಬಿದ್ ಅದೇ ಥಲಾಮಸ್‌ನ ಇನ್ನೊಂದು ಮೂಲೆಗೆ ಬೇಗ ಬೇಗ ಮಿಡಿಯುವ ಕರೆಂಟು ಕೊಟ್ಟು ಕೈನಡುಕ ನಿಲ್ಲಿಸಿದರು. ಅಲ್ಲಿಂದ ದಾರಿ ಕವಲೊಡೆಯಿತು. ಔಷಧ, ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಎಫ್‌ಡಿಎ 1997ರಲ್ಲಿ ನಡುಕಕ್ಕೆ, 2002ರಲ್ಲಿ ಪಾರ್ಕಿನ್ಸನ್‌ಗೆ ಒಪ್ಪಿಗೆ ಕೊಟ್ಟಿತು. ನೋವಿಗೆ ಸಿಗಲಿಲ್ಲ. ಈ ವೈರು ತಯಾರಿಸುವ ಮೆಡ್‌ಟ್ರಾನಿಕ್ ಕಂಪನಿ ನೋವಿಗಾಗಿಯೇ ಎರಡು ಪರೀಕ್ಷೆ ನಡೆಸಿತ್ತು. ಒಂದು ವರ್ಷದ ನಂತರವೂ ಕನಿಷ್ಠ ಅರ್ಧದಷ್ಟು ರೋಗಿಗಳಿಗೆ ಅರ್ಧ ನೋವಾದರೂ ಇಳಿದಿರಬೇಕು ಅನ್ನುವುದು ಗುರಿ. ಎರಡೂ ಅದನ್ನು ಮುಟ್ಟಲಿಲ್ಲ. ಎಷ್ಟೋ ರೋಗಿಗಳು ನಡುವೆಯೇ ಬಿಟ್ಟುಹೋಗಿದ್ದರು. ಕಂಪನಿ ಒಪ್ಪಿಗೆ ಕೇಳುವುದನ್ನೇ ಕೈಬಿಟ್ಟಿತು, 2001ರಲ್ಲಿ ಲೆಕ್ಕ ಹೊರಬಂತು.

ವೈರು ಕೆಲಸ ಮಾಡಲಿಲ್ಲ ಅಂತ ಒಂದೇ ಮಾತಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಕೆಲವರಿಗೆ ಚೆನ್ನಾಗಿಯೇ ಕೆಲಸ ಮಾಡಿದೆ. ಕೆಲವರಲ್ಲಿ ಮೊದಲು ಆರಾಮ ಕೊಟ್ಟು, ತಿಂಗಳುಗಳು ಕಳೆದಂತೆ ಮಂಕಾಗಿದೆ. ಆದರೆ ನಡುಕ ಕಣ್ಣಿಗೆ ಕಾಣುತ್ತದೆ, ನಿಂತರೆ ಎದುರಿಗಿರುವವರಿಗೆಲ್ಲ ಗೊತ್ತಾಗುತ್ತದೆ. ನೋವು ಕಾಣುವುದಿಲ್ಲ, ರೋಗಿ ಹೇಳಿದ್ದೇ ಲೆಕ್ಕ. ಕರೆಂಟು ಕೊಡದೆಯೇ ಕೊಟ್ಟಿದ್ದೇವೆ ಅಂತ ಹೇಳಿ ಪರೀಕ್ಷಿಸೋಣ ಅಂದರೂ ಆ ಜುಮ್ ಅನ್ನುವುದೇ ಗುಟ್ಟು ಬಿಟ್ಟುಕೊಡುತ್ತದೆ. ಮೇಲಾಗಿ ಆ ಪರೀಕ್ಷೆಗಳಲ್ಲಿ ಪಾರ್ಶ್ವವಾಯು ಹೊಡೆದವರ ಉರಿ, ಕಾಲು ಕತ್ತರಿಸಿದ ಮೇಲೂ ಇಲ್ಲದ ಕಾಲು ನೋಯುವುದು, ಬೆನ್ನುನೋವು, ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದ್ದರು.

ಆದರೂ ಆಕ್ಸ್‌ಫರ್ಡಿನಲ್ಲಿ ಮೆದುಳಿನ ಸರ್ಜನ್ ಟಿಪು ಅಜೀಜ್ ಮತ್ತು ಜೊತೆಯವರು ಇದನ್ನು ಬಿಡದೆ ಮುಂದುವರಿಸಿದರು. 2023ರಲ್ಲಿ ಕ್ಯಾಲಿಫೋರ್ನಿಯಾದ ಪ್ರಸಾದ್ ಶಿರ್ವಾಳ್ಕರ್ ತಂಡ ನಾಲ್ಕು ರೋಗಿಗಳ ಮೆದುಳಲ್ಲಿ ವೈರು ಇಟ್ಟು ತಿಂಗಳುಗಟ್ಟಲೆ ಕಾದಿತು. ರೋಗಿಗಳು ತಮ್ಮ ಮನೆಯಲ್ಲೇ ಇದ್ದು, ದಿನಕ್ಕೆ ಹಲವು ಸಲ ನೋವು ಎಷ್ಟಿದೆ ಅಂತ ತಿಳಿಸಿ ಗುಂಡಿ ಒತ್ತುತ್ತಿದ್ದರು, ವೈರು ಆ ಹೊತ್ತಿನ ಮೆದುಳಿನ ಅಲೆಗಳನ್ನು ಬರೆದುಕೊಳ್ಳುತ್ತಿತ್ತು. ಕೊನೆಗೆ ಅಲೆ ನೋಡಿಯೇ ನೋವು ಜಾಸ್ತಿಯೋ ಕಡಿಮೆಯೋ ಅಂತ ಊಹಿಸಲು ಕಂಪ್ಯೂಟರಿಗೆ ಸಾಧ್ಯವಾಯಿತು.

ದೊಡ್ಡಮ್ಮನಿಗೆ ವೈರಿನ ಮಾತು ಸದ್ಯಕ್ಕಿಲ್ಲ. ಸರ್ಪಸುತ್ತಿನ ನೋವಿಗೆ ಮೊದಲು ಗ್ಯಾಬಪೆಂಟಿನ್‌ನಂಥ ಮಾತ್ರೆ. ಕಳೆದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ತೋರಿಸಲು ಕರೆದುಕೊಂಡು ಹೋಗಿದ್ದೆ.

‘ನೋವು ಹತ್ತಕ್ಕೆ ಎಷ್ಟಿದೆ ಅಮ್ಮಾ?’ ಅಂತ ಡಾಕ್ಟರು ಕೇಳಿದರು.

‘ಯಾವಾಗಿಂದು ಹೇಳ್ಲಿ ಸಾರ್? ಈಗಿಂದಾ, ರಾತ್ರಿದಾ?’

ಡಾಕ್ಟರು ಒಂದು ಗಳಿಗೆ ಅವರ ಮುಖ ನೋಡಿ, ಚೀಟಿಯಲ್ಲಿ ಏಳು ಅಂತ ಬರೆದರು. ರಾತ್ರಿಯ ಮಾತ್ರೆ ಒಂದು ಜಾಸ್ತಿ ಮಾಡಿದರು.