ಜುಮಾರ್: ಒಂದು ಹೆಸರು, ಹಲವು ತಪ್ಪು ಚೀಟಿಗಳು

ಗುಹೆ ಇಳಿಯುವವರ ಹಳೇ ಸಾಮಾನು ಮಾರುವ ಕಡೆ, ಗಿಬ್ಸ್ ಅಸೆಂಡರ್ ಎಂಬ ಬೇರೆಯೇ ಸಾಧನದ ಫೋಟೊ ಕೆಳಗೆ ‘ವಿಂಟೇಜ್ ಜುಮಾರ್’ ಅಂತ ಬರೆದಿದ್ದನ್ನು ಮೊನ್ನೆ ಮತ್ತೆ ನೋಡಿದೆ. ಸಾಕಾಯಿತು. ಹಗ್ಗ ಹತ್ತಲು ನೆರವಾಗುವ ಸಾಧನದ ಸಾಮಾನ್ಯ ಹೆಸರು ಅಸೆಂಡರ್. ಜುಮಾರ್ ಅದರಲ್ಲಿ ಒಂದು, ಅಷ್ಟೇ. ರಾಮನಗರದ ಬಂಡೆಯ ಮೇಲೆ ಯಾವ ಅಸೆಂಡರ್ ಹಿಡಿದು ಹತ್ತಿದರೂ ‘ಜುಮಾರಿಂಗ್’ ಅನ್ನಿ, ತಕರಾರಿಲ್ಲ. ದುಡ್ಡು ಕೊಟ್ಟು ಸಂಗ್ರಹಕ್ಕೆ ಕೊಳ್ಳುವಾಗ ಮಾತ್ರ ಈ ಸಡಿಲ ಮಾತು ಬೇಡ.

ಹೆಸರು ಬಂದದ್ದು ಇಬ್ಬರು ಸ್ವಿಸ್ ಮನುಷ್ಯರಿಂದ. ಅಡಾಲ್ಫ್ ಯೂಸಿ ಹದ್ದುಗಳನ್ನು ಅಭ್ಯಾಸ ಮಾಡುತ್ತಿದ್ದರು. ಗೂಡುಗಳಿದ್ದದ್ದು ಕಡಿದಾದ ಬಂಡೆಗಳಲ್ಲಿ, ಹಾಗಾಗಿ ಹಗ್ಗದ ಮೇಲೆ ಏರಿಳಿಯುವುದು ದಿನದ ಕೆಲಸ. ಅವರಿಗಾಗಿ ವಾಲ್ಟರ್ ಮಾರ್ಟಿ ಈ ಹಿಡಿ ಮಾಡಿಕೊಟ್ಟರು. 1958ರಲ್ಲಿ ಅದು ಪರ್ವತಾರೋಹಿಗಳ ಕೈಗೂ ಬಂತು. ಯೂಸಿಯ ‘ಯೂ’, ಮಾರ್ಟಿಯ ‘ಮಾರ್’ ಸೇರಿ ಹೆಸರಾಯಿತು. ಜರ್ಮನ್‌ನಲ್ಲಿ ‘ಯ’ ಎಂದು ಓದುವ ಅಕ್ಷರವನ್ನು ಇಂಗ್ಲಿಷ್ ಓದಿಗೆ ‘ಜ’ ಮಾಡಿಕೊಂಡದ್ದರಿಂದ ನಮಗದು ಜುಮಾರ್. ಅಂದರೆ ಇದು ಇಬ್ಬರ ಮನೆತನದ ಹೆಸರು ಸೇರಿ ಆದದ್ದು. ಗಿಬ್ಸ್ ಸಾಧನಕ್ಕೆ ಅಂಟಿಸಿದರೆ ಇವರಿಬ್ಬರ ಕೆಲಸವೂ ಮರೆಯಾಗುತ್ತದೆ, ಅದನ್ನು ರೂಪಿಸಿದ ಗಿಬ್ಸ್ ಅವರದೂ ಮರೆಯಾಗುತ್ತದೆ.

ಎರಡನ್ನೂ ಒಮ್ಮೆ ಕೈಯಲ್ಲಿ ಹಿಡಿದವರು ಗೊಂದಲ ಮಾಡಿಕೊಳ್ಳುವುದಿಲ್ಲ. ಜುಮಾರ್‌ಗೆ ಬೆರಳು ತೂರಿಸುವ ಹಿಡಿಯಿದೆ. ಎಡಗೈಗೊಂದು, ಬಲಗೈಗೊಂದು. ಸ್ಪ್ರಿಂಗ್ ಇರುವ ಕ್ಯಾಮ್‌ನ, ಅಂದರೆ ತಿರುಗಿ ಹಗ್ಗವನ್ನು ಒತ್ತಿಹಿಡಿಯುವ ತುಂಡಿನ, ಚೂಪು ಹಲ್ಲುಗಳು ಹಗ್ಗವನ್ನು ಕಚ್ಚುತ್ತವೆ. ಅಮೆರಿಕದ ಗಿಬ್ಸ್‌ಗೆ ಹಿಡಿಯೇ ಇಲ್ಲ. ಒಂದು ಕವಚ, ಒಂದು ಕ್ಯಾಮ್, ಒಂದು ಪಿನ್. ಹಗ್ಗಕ್ಕೆ ಹಾಕಬೇಕಾದರೆ ಪಿನ್ ಕಿತ್ತು ಬಿಡಿಸಬೇಕು, ಅದು ರಗಳೆ ನಿಜ. ಆದರೆ ಮೈಭಾರವೇ ಕ್ಯಾಮನ್ನು ಒತ್ತುವುದರಿಂದ ಕೆಸರು ಮೆತ್ತಿದ ಹಗ್ಗದಲ್ಲೂ ಜಾರುವುದು ಕಡಿಮೆ. ಅಮೆರಿಕದ ಗುಹೆ ಇಳಿಯುವವರು ಇದನ್ನು ಪಾದಕ್ಕೂ ಮೊಣಕಾಲಿಗೂ ಕಟ್ಟಿಕೊಂಡು ಹಗ್ಗದ ಮೇಲೆ ನಡೆದುಕೊಂಡೇ ಹೋಗುತ್ತಿದ್ದರು. ಜಾರ್ಜಿಯಾದ ಎಲಿಸನ್ಸ್ ಗುಹೆಯ ಫೆಂಟಾಸ್ಟಿಕ್ ಪಿಟ್ 586 ಅಡಿ ಆಳ. ಅಂಥ ಕಡೆ ಕಾಲಿನ ಬಲದಲ್ಲಿ ಹತ್ತುವುದಕ್ಕೂ ಕೈಯಲ್ಲಿ ಜಗ್ಗಿಕೊಂಡು ಹೋಗುವುದಕ್ಕೂ ತುಂಬಾ ವ್ಯತ್ಯಾಸ ಇದೆ, ಅಲ್ವಾ?

ಫ್ರಾನ್ಸಿನ ಪೆಟ್ಜಲ್ ಹೆಸರಿನ ಅಸೆಂಡರ್‌ಗಳ ಕಥೆ 1968ರಿಂದ ಶುರು. ಅವನ್ನೂ ಜುಮಾರ್ ಎಂದೇ ಮಾರುತ್ತಾರೆ.

ಇನ್ನು ಬೆಲೆ ಕಟ್ಟುವ ವಿಷಯ. ಹಳೇ ಜುಮಾರ್‌ನ ಚೌಕಟ್ಟು ಎರಕದ ಅಲ್ಯೂಮಿನಿಯಂ. ಪೆಟ್ಟು ಬಿದ್ದರೆ ಬಾಗುವ ಬದಲು ಬಿರುಕು ಬಿಡಬಹುದು. ಮೊದಲು ಅದನ್ನು ಹುಡುಕಿ. ಆಮೇಲೆ ಹಲ್ಲು ನೋಡಿ. ಕೆಸರಿನ ಹಗ್ಗ ಅರದಂತೆ ಉಜ್ಜಿ ಹಲ್ಲನ್ನು ಸವೆಸುತ್ತದೆ, ಹಗ್ಗ ಓಡಿದ ಕಡೆ ಗೀರು ಬೀಳುತ್ತದೆ. ಸುಮ್ನೆ ಪಾಲಿಶ್ ಮಾಡಿಸಬೇಡಿ, ಆ ಗುರುತೆಲ್ಲ ಅಳಿಸಿಹೋಗುತ್ತದೆ. ಹಿಂದಿನವರು ಕೊರೆದ ತೂತು, ಕಟ್ಟಿದ ಪಟ್ಟಿ ಇದ್ದರೆ ಅದನ್ನು ದೋಷ ಅಂತ ನಾನು ಎಣಿಸುವುದಿಲ್ಲ. ಯಾರು, ಯಾವ ಗುಹೆಯಲ್ಲಿ ಬಳಸಿದರು ಅಂತ ಗೊತ್ತಿದ್ದರಂತೂ ಹೊಳೆಯುವ ಜೋಡಿಗಿಂತ ಜಾಸ್ತಿ ಕೊಡುತ್ತೇನೆ. ಆದರೆ ಎಷ್ಟೇ ಗಟ್ಟಿ ಕಂಡರೂ ಅದಕ್ಕೆ ಜೀವ ತೂಗುಹಾಕಬೇಡಿ. ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಕೊಳ್ಳುವ ಮುಂಚೆ ಕ್ಯಾಮ್ ತೆರೆದ ಫೋಟೊ, ಹಿಡಿಯ ಬುಡದ ಫೋಟೊ ಎರಡನ್ನೂ ಕೇಳಿ ಪಡೆಯಿರಿ.